ತಂದೆಯವರಿಂದ ಎರಡು ಮಾತು

"ಈಗ ತಂದೆಯವರಿಂದ ಎರಡು ಮಾತು," ಎಂದು ಕನ್ನಡ ಬಳಗದ ಅಧ್ಯಕ್ಷ ಸತ್ಯಪ್ರಕಾಶ ಮೈಕನ್ನು ಮೋಹನರಾಜನ ಕೈಗೆ ಕೊಟ್ಟಾಗ, ವೇದಿಕೆಯ ಕೆಂಪು ಕುರ್ಚಿಯಲ್ಲಿ ಕೂತಿದ್ದ ಅನಿರುದ್ಧ ತಲೆಯ ಮೇಲಿನ ಮೈಸೂರು ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಪೇಟ ಅವನ ಅಳತೆಯದಲ್ಲ. ಬಳಗದ ಹತ್ತಿರ ಇರುವುದು ಒಂದೇ ಪೇಟ, ಹಿಂದಿನ ಸಲ ಅದು ನಿವೃತ್ತರಾದ ಹೃದಯದ ಡಾಕ್ಟರೊಬ್ಬರ ದೊಡ್ಡ ತಲೆಯ ಮೇಲಿತ್ತು. ಹೆಗಲ ಮೇಲೆ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ. ಬುಟ್ಟಿಗೆ ಸುತ್ತಿದ ಹೊಳೆಯುವ ಕಾಗದ ಅವನು ಉಸಿರಾಡಿದಾಗಲೆಲ್ಲ ಚರಚರ ಅನ್ನುತ್ತಿತ್ತು. ಅವನು ಅಪ್ಪನನ್ನೇ ನೋಡುತ್ತಿದ್ದ. ಬೆಳಿಗ್ಗೆ ಕಾರಿನಲ್ಲಿ ಬರುವಾಗ, ಸ್ಟೇಜು ಗೀಜು ಏನೂ ಇಲ್ಲ ತಾನೆ, ಊಟ ಮಾಡಿ ಹೊರಡೋದು ತಾನೆ ಎಂದು ಹುಡುಗ ಕೇಳಿದ್ದ. ಏನೂ ಇಲ್ಲ ಕಣೋ ಎಂದು ಮೋಹನರಾಜ ರಸ್ತೆಯ ಮೇಲೆ ಕಣ್ಣಿಟ್ಟೇ ಹೇಳಿದ್ದ.

ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚಿನ ಒಂದು ಶಾಲೆಯ ಸಭಾಂಗಣದಲ್ಲಿ ಕನ್ನಡ ಬಳಗದ ಯುಗಾದಿ. ಬೇವುಬೆಲ್ಲ ಹಂಚಿಯಾಗಿತ್ತು, ಮಕ್ಕಳ ಕೋಲಾಟ ಮುಗಿದಿತ್ತು, ಪಕ್ಕದ ಕೋಣೆಯಿಂದ ಒಬ್ಬಟ್ಟಿನ ತುಪ್ಪದ ವಾಸನೆ ಬರತೊಡಗಿತ್ತು. ಆದರೂ ಯಾರೂ ಎದ್ದಿರಲಿಲ್ಲ. ಸನ್ಮಾನವೆಂದರೆ ಬಳಗಕ್ಕೆ ಪ್ರಾಣ. ಸ್ಪೆಲ್ಲಿಂಗ್ ಸ್ಪರ್ಧೆ ಗೆದ್ದ ಹುಡುಗಿಗೆ, ಮ್ಯಾರಥಾನಿನಲ್ಲಿ ಕುಂಟುತ್ತ ಗುರಿ ಮುಟ್ಟಿದ ಅಂಕಲ್‌ಗೆ, ಎಲ್ಲರಿಗೂ ಅದೇ ಶಾಲು, ಅದೇ ಪೇಟ, ಅದೇ ಎರಡು ಮಾತು. ಎರಡು ಮಾತಿಗೆಂದು ಮೈಕು ಹಿಡಿದವರು ಎರಡೇ ಮಾತಾಡಿ ಕೂತದ್ದನ್ನು ಬಳಗದಲ್ಲಿ ಈವರೆಗೆ ಯಾರೂ ಕಂಡಿಲ್ಲ.

ಈ ಸಲದ್ದು ಸಾಮಾನ್ಯ ಸನ್ಮಾನವೂ ಅಲ್ಲ. ಡಲ್ಲಾಸ್ ಡ್ರೋವರ್ಸ್ ತಂಡದ ಕೋಚುಗಳ ಸಾಲಿಗೆ ನಮ್ಮವನೊಬ್ಬ ಸೇರಿದ್ದ. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆಟವನ್ನು ಫುಟ್‌ಬಾಲ್ ಎಂದು ಕರೆಯುವ ಈ ರಾಜ್ಯದಲ್ಲಿ ಆ ತಂಡವೆಂದರೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಮೈಸೂರಿನ ಸರಸ್ವತಿಪುರಂನಲ್ಲಿ ಕ್ರಿಕೆಟ್ ನೋಡಿಕೊಂಡಿದ್ದ ಮೋಹನರಾಜ ಈ ಆಟ ಕಲಿತದ್ದು ಹೊಟ್ಟೆಪಾಡಿಗೆ. ಇಲ್ಲಿಗೆ ಬಂದ ಹೊಸತರಲ್ಲಿ ಸೋಮವಾರ ಬೆಳಿಗ್ಗೆ ಆಫೀಸಿನ ಕಾಫಿ ಮೆಷಿನ್ ಹತ್ತಿರ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು, ಇವನು ಕಪ್ಪು ಹಿಡಿದು ಮೂಕನಂತೆ ನಿಂತಿರುತ್ತಿದ್ದ. ನಾಚಿಕೆಗೆ ಕಲಿತದ್ದು ಆಮೇಲೆ ಹುಚ್ಚಾಯಿತು. ಈಗ ಲೂಯಿಸ್‌ವಿಲ್‌ನ ಅವನ ಮನೆಯಲ್ಲಿ ಭಾನುವಾರದ ಆಟಕ್ಕೆ ಜನ ಸೇರುತ್ತಾರೆ, ಅವರಿಗೆಲ್ಲ ಅವನೇ ವ್ಯಾಖ್ಯಾನಕಾರ. ಯಾವ ಕೋಚು ದಡ್ಡ, ಯಾರನ್ನು ಕೂರಿಸಬೇಕು, ಯಾರನ್ನು ಓಡಿಸಬೇಕು ಎಂಬುದರ ಬಗ್ಗೆ ಅವನಿಗೆ ಅನುಮಾನ ಬಂದದ್ದೇ ಇಲ್ಲ.

ಜನವರಿಯಲ್ಲಿ ಡ್ರೋವರ್ಸ್ ಹ್ಯೂಸ್ಟನ್ನಿಗೆ ಹೋಗಿ ಹೀನಾಯವಾಗಿ ಸೋತು ಬಂತು. ತಂಡದವರು ಅಫೆನ್ಸಿನ, ಎಂದರೆ ಚೆಂಡು ತಮ್ಮ ಕೈಯಲ್ಲಿದ್ದಾಗ ಮುನ್ನುಗ್ಗುವ ಪಡೆಯ, ಕೋಚುಗಳನ್ನೆಲ್ಲ ಮನೆಗೆ ಕಳಿಸಿ, ಹ್ಯೂಸ್ಟನ್ನಿನ ಕಾಲೇಜು ತಂಡವೊಂದರಲ್ಲಿದ್ದ ಡೆಲೇನಿ ಎಂಬವನನ್ನು ಕರೆತಂದರು. ಊರಿಗೆ ಊರೇ ಬೈಯಿತು. ಮೋಹನರಾಜನೂ ಬೈದ. ಕಾಲೇಜು ಹುಡುಗರಿಗೆ ಪಾಠ ಹೇಳುವವನು ದೊಡ್ಡವರ ಆಟಕ್ಕೇನು ಮಾಡುತ್ತಾನೆ, ಅವನ ಹಿಂದೆ ಬರುವ ಲ್ಯಾಪ್‌ಟಾಪ್ ಹುಡುಗರು ಬೇರೆ ಎಂದು ಗೆಳೆಯರ ಗುಂಪಿಗೆ ಉದ್ದವಾದ ಒಂದು ವಾಯ್ಸ್ ಮೆಸೇಜು ಕಳಿಸಿದ. ಕೆಲವೇ ದಿನಗಳಲ್ಲಿ ಮಗ ಫೋನ್ ಮಾಡಿ, ಆ ಲ್ಯಾಪ್‌ಟಾಪ್ ಹುಡುಗರಲ್ಲಿ ತಾನೂ ಒಬ್ಬ ಎಂದ. ಆಸ್ಟಿನ್ನಿನಲ್ಲಿ ಗಣಿತ ಓದಿ, ಕಾಲೇಜೊಂದರಲ್ಲಿ ಕಂಪ್ಯೂಟರ್ ಕೆಲಸವೆಂದಷ್ಟೇ ಮನೆಗೆ ಹೇಳಿ, ಡೆಲೇನಿಯ ಕೈಕೆಳಗೆ ಆಟಗಳ ವಿಡಿಯೋ ಕತ್ತರಿಸುತ್ತಿದ್ದ ಅನಿರುದ್ಧನನ್ನು ಡೆಲೇನಿ ಜೊತೆಗೇ ಕರೆತರುತ್ತಿದ್ದ. ಮರುದಿನದಿಂದ ಮೋಹನರಾಜನ ಬಾಯಲ್ಲಿ ಡೆಲೇನಿ ಮೇಧಾವಿಯಾದ. ಧಾರವಾಡದ ಗೆಳೆಯ ಸಂಗಮೇಶ್ ಆ ಹಳೆಯ ವಾಯ್ಸ್ ಮೆಸೇಜನ್ನು ಗುಂಪಿನಲ್ಲಿ ಮತ್ತೆ ಹಾಕಿ, "ಎಲುಬಿಲ್ಲದ ನಾಲಿಗಿ ಬಿಡ್ರಿ, ಹೆಂಗ ಬೇಕಾದ್ರೂ ಹೊಳ್ಳತದ," ಎಂದು ಕೆಳಗೆ ಬರೆದ.

ಅನಿರುದ್ಧನ ಕೆಲಸ ಕೋಚುಗಳಲ್ಲೆಲ್ಲ ಕೊಟ್ಟಕೊನೆಯ ಕುರ್ಚಿಯದು. ಎದುರಾಳಿಗಳ ಹಳೆಯ ಆಟಗಳನ್ನು ನೋಡಿ, ತುಂಡು ಮಾಡಿ, ಚಿತ್ರ ಬರೆದು ಮೇಲಿನವರಿಗೆ ಕೊಡಬೇಕು. ಅಪಾರ್ಟ್‌ಮೆಂಟ್ ಸಿಗುವವರೆಗೆ ಅವನು ಅಪ್ಪ ಅಮ್ಮನ ಮನೆಯಲ್ಲೇ ಇದ್ದ. ಬೆಳೆದ ಮೇಲೆ ಅಪ್ಪನ ಜೊತೆ ಮಾತಿಗೆ ವಿಷಯವೇ ಇಲ್ಲದಿದ್ದ ಮಗ ಈಗ ಊಟದ ಮೇಜಿನಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದ. ಮೋಹನರಾಜನಿಗೆ ಆ ದಿನಗಳಷ್ಟು ಸುಖ ಹಿಂದೆಂದೂ ಇರಲಿಲ್ಲ.

ಒಂದು ಸಂಜೆ ಹುಡುಗ ಮೇಜಿನ ಮೇಲೆ ಪಾತ್ರೆ ಹೂಡಿ ಆಟ ತೋರಿಸಿದ್ದ. ಸಾಲಾಗಿಟ್ಟ ಲೋಟಗಳು ಎದುರಿನವರನ್ನು ತಡೆಯುವ ದಪ್ಪ ಆಳುಗಳು. ಅವುಗಳ ಹಿಂದೆ ಉಪ್ಪಿನ ಡಬ್ಬಿ, ಅದು ಚೆಂಡು ಎಸೆಯುವವನು. ಅದರ ಪಕ್ಕ ಸ್ಟೀಲಿನ ಬಟ್ಟಲು, ಅದು ಕೋಲ್ಬಿ ರೇನ್ಸ್. ಚೆಂಡನ್ನು ಬಗಲಲ್ಲಿಟ್ಟು ಗೂಳಿಯ ಹಾಗೆ ನುಗ್ಗಿ ಓಡುವ ರೇನ್ಸ್ ಊರಿನ ಮುದ್ದಿನ ಆಟಗಾರ, ಮೋಹನರಾಜನ ಅಂಗಿಯ ಬೆನ್ನ ಮೇಲೆ ಅವನದೇ ನಂಬರು. ಸಾಲಿನ ತುದಿಗೆ, ಸ್ವಲ್ಪ ದೂರದಲ್ಲಿ ಉಪ್ಪಿನಕಾಯಿ ಬಾಟಲಿ. ಬಾಟಲಿ ಎದುರಾಳಿಗಳನ್ನು ಎಳೆದುಕೊಂಡು ಒಳಕ್ಕೆ ಓಡುತ್ತದೆ, ಬಟ್ಟಲು ಯಾರನ್ನೋ ತಡೆಯುವವನಂತೆ ನಟಿಸಿ, ಬಾಟಲಿ ಬಿಟ್ಟ ಜಾಗಕ್ಕೆ ಮೆಲ್ಲಗೆ ಜಾರುತ್ತದೆ. ಅಲ್ಲಿ ಯಾರೂ ಇರುವುದಿಲ್ಲ. ಚೆಂಡು ಅಲ್ಲಿಗೆ ಬರುತ್ತದೆ.

ಹಾಗಾದರೆ ರೇನ್ಸ್ ಮೊದಲಿನ ಹಾಗೆ ನುಗ್ಗಿ ಓಡುವುದಿಲ್ಲವೇ ಎಂದು ಮೋಹನರಾಜ ಕೇಳಿದ. ಹುಡುಗ ಬಟ್ಟಲನ್ನು ಹಿಂದಕ್ಕೆ ಸರಿಸಿ, ರೇನ್ಸ್‌ನ ಮೊಣಕಾಲು ಚೆನ್ನಾಗಿಲ್ಲ, ಅವನನ್ನು ಉಳಿಸಿಕೊಳ್ಳುವುದಕ್ಕೇ ಇದೆಲ್ಲ, ಹೊರಗೆ ಯಾರಿಗೂ ಗೊತ್ತಿಲ್ಲ, ಇದು ಮನೆಯಲ್ಲೇ ಇರಲಿ ಎಂದ. ಮೈದಾನದಲ್ಲಿ ಮಾತಾಡುವಾಗ ಕೋಚುಗಳು ಹಾಳೆಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾರಲ್ಲ, ಅದು ತುಟಿ ನೋಡಿ ಮಾತು ಓದುವವರು ಇರುತ್ತಾರೆಂಬ ಭಯಕ್ಕೆ ಎಂದು ಸೇರಿಸಿದ. ಅಷ್ಟೊಂದೇನೋ ಎಂದು ಮೋಹನರಾಜ ನಕ್ಕಿದ್ದ.

ಸನ್ಮಾನದ ಯೋಚನೆ ಹೇಳಿದಾಗ ಹೆಂಡತಿ ರಮಾ ಚಪಾತಿ ಲಟ್ಟಿಸುವ ಕೈ ನಿಲ್ಲಿಸದೆ, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತೀರಾ? ಅವನು ಇನ್ನೂ ಒಂದು ಆಟ ಆಡಿಸಿಲ್ಲ," ಎಂದಿದ್ದಳು. ಮೋಹನರಾಜ ಕೇಳಲಿಲ್ಲ. ಮಗನನ್ನು ಪರಿಚಯಿಸುವ ಮಾತುಗಳನ್ನೂ ತಾನೇ ಬರೆದುಕೊಟ್ಟ. ಕೊಟ್ಟಕೊನೆಯ ಕುರ್ಚಿಯವನನ್ನು ಸತ್ಯಪ್ರಕಾಶ ವೇದಿಕೆಗೆ ಕರೆದದ್ದು "ಡ್ರೋವರ್ಸ್ ಅಫೆನ್ಸಿನ ಹೊಸ ಸೂತ್ರಧಾರ" ಎಂದು.

ಈಗ ಮೈಕು ಮೋಹನರಾಜನ ಕೈಯಲ್ಲಿತ್ತು. ಮೊದಲು ಎಲ್ಲರಿಗೂ ವಂದನೆ ಹೇಳಿದ. ಮಗ ಚಿಕ್ಕಂದಿನಲ್ಲಿ ಕ್ಯಾಲೆಂಡರಿನ ಹಿಂದೆ ಬಾಣದ ಗುರುತು ಬರೆಯುತ್ತಿದ್ದದ್ದನ್ನು ಹೇಳಿದ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅಲ್ಲಿಗೆ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೂರನೆಯ ಸಾಲಿನಿಂದ ಸಂಗಮೇಶ್ ಎದ್ದು, "ಅದೆಲ್ಲ ಇರಲಿ, ಈ ವರ್ಷ ಅಫೆನ್ಸ್ ಏನ್ ಮಾಡ್ತದ ಅದನ್ನ ಹೇಳ್ರಿ," ಎಂದ. ಸಭೆ ಹೋ ಎಂದಿತು. ತನಗೆ ಮಾತ್ರ ಗೊತ್ತಿರುವ ಸಂಗತಿ ನಾಲಿಗೆಯ ತುದಿಗೆ ಬಂದಾಗ ಅದನ್ನು ನುಂಗುವುದು ಮೋಹನರಾಜನಿಗೆ ಎಂದೂ ಆಗಿದ್ದಿಲ್ಲ.

"ರೇನ್ಸ್ ಮೊಣಕಾಲು ಮೊದಲಿನ ಹಾಗಿಲ್ಲ. ಇನ್ನು ಅವನು ಓಡೋದು ಕಮ್ಮಿ. ನಮ್ಮ ಅನಿ ಹೇಳ್ತಿದ್ದ," ಎಂದ.

ಹಣ್ಣಿನ ಬುಟ್ಟಿಯ ಕಾಗದದ ಸದ್ದು ನಿಂತಿತು. ಮೋಹನರಾಜ ತಿರುಗಿ ನೋಡಲಿಲ್ಲ. ಇನ್ನೂ ಸ್ವಲ್ಪ ಮಾತಾಡಿ, ಎಲ್ಲರೂ ಊಟ ಮಾಡಿಕೊಂಡು ಹೋಗಬೇಕೆಂದು ಹೇಳಿ ಕೂತ.

ಮರುದಿನ, ಭಾನುವಾರ ಬೆಳಿಗ್ಗೆ ಮೊದಲು ಫೋನ್ ಮಾಡಿದವಳು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿದ್ದ ಮಗಳು ಇಶಾ. ಅಪ್ಪಾ, ವಾಟ್ ಡಿಡ್ ಯು ಡೂ ಎಂದಷ್ಟೇ ಕೇಳಿದಳು. ಆಸ್ಟಿನ್ನಿನ ಅವಳ ಆಫೀಸಿನವರೆಲ್ಲ ಆಗಲೇ ಅದನ್ನು ನೋಡಿದ್ದರಂತೆ. ಬಳಗದ ಪುಟದಲ್ಲಿ ಹಾಕಿದ್ದ ಸನ್ಮಾನದ ವಿಡಿಯೋ ತುಣುಕನ್ನು ಯಾರೋ ಡ್ರೋವರ್ಸ್ ಅಭಿಮಾನಿಗಳ ಪುಟಕ್ಕೆ ದಾಟಿಸಿದ್ದರು. ಪೇಟ, ಶಾಲು, ಹಣ್ಣಿನ ಬುಟ್ಟಿ, ಮೈಕು ಹಿಡಿದ ಮೋಹನರಾಜ, ಕೆಳಗೆ ಅಚ್ಚುಕಟ್ಟಾದ ಇಂಗ್ಲಿಷ್ ಸಾಲುಗಳು. ಡೆಲೇನಿಯ ಮೇಲೆ ಹಲ್ಲು ಕಡಿಯುತ್ತಿದ್ದ ಊರಿಗೆ ಇದಕ್ಕಿಂತ ಒಳ್ಳೆಯ ಕಡ್ಡಿ ಸಿಗುತ್ತಿರಲಿಲ್ಲ. ಒಂದು ಆಟವನ್ನೂ ಆಡಿಸದ ಹುಡುಗನಿಗೆ ಕಿರೀಟವಂತೆ ಎಂದು ಕೆಲವರು. ರೇನ್ಸ್‌ನನ್ನು ಮೂಲೆಗೆ ತಳ್ಳುತ್ತಿದ್ದಾರೆ ಎಂದು ಹಲವರು. ಮನೆಯ ಗುಟ್ಟನ್ನು ಬೀದಿಯಲ್ಲಿ ಹೇಳುವವರನ್ನು ಕೋಚುಗಳ ಕೋಣೆಗೆ ಬಿಟ್ಟವರಾರು, ಸೋಮವಾರವೇ ಹೊರಗೆ ಹಾಕಿ ಎಂದು ಎಲ್ಲರೂ. ಮೋಹನರಾಜ ಒಂದೊಂದನ್ನೂ ಓದಿದ. ಮಗನ ಹೆಸರಿಲ್ಲದಿದ್ದರೆ ಇದರಲ್ಲಿ ಅರ್ಧವನ್ನು ತಾನೇ ಬರೆಯುತ್ತಿದ್ದೆ ಎಂದು ಅವನಿಗೆ ಅನ್ನಿಸಿತು.

ಅನಿರುದ್ಧನ ಕೋಣೆಯ ಬಾಗಿಲು ಹಾಕಿತ್ತು. ಸೋಮವಾರ ಬೆಳಿಗ್ಗೆ ತನ್ನ ಕೋಣೆಗೆ ಬರಬೇಕೆಂದು ಡೆಲೇನಿಯಿಂದ ಒಂದೇ ಸಾಲಿನ ಮೆಸೇಜು ಬಂದಿದೆ ಎಂದು ಅವನು ಅಮ್ಮನಿಗೆ ಹೇಳಿದ್ದ. ಅಪ್ಪನಿಗೆ ಏನೂ ಹೇಳಿರಲಿಲ್ಲ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು ಎನ್ನುವ ಹಾಗಿಲ್ಲ, ಗುಟ್ಟು ಉಳಿಸಿಕೊಳ್ಳದವನೆಂದು ಒಮ್ಮೆ ಹೆಸರಾದರೆ ಆ ವೃತ್ತಿಯಲ್ಲಿ ಯಾವ ಬಾಗಿಲೂ ತೆರೆಯುವುದಿಲ್ಲ. ಇದನ್ನು ಮೋಹನರಾಜನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ರಮಾ ಅವನ ಮುಂದೆ ಉಪ್ಪಿಟ್ಟಿನ ತಟ್ಟೆಯಿಟ್ಟು ಏನೂ ಅನ್ನದೆ ಹೋದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಮಧ್ಯಾಹ್ನ ಸತ್ಯಪ್ರಕಾಶ ಬಂದ, ಜೊತೆಗೆ ಅವನ ಮಗಳು ಸಂಹಿತಾ. ಡಲ್ಲಾಸಿನಲ್ಲಿ ಕಾಲೇಜಿಗೆ ಹೋಗುವ ಸಂಹಿತಾ ಭಾನುವಾರಗಳಲ್ಲಿ ಬಳಗದ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಕನ್ನಡ ಬಾರದ ಮಕ್ಕಳಿಗೂ ತಿಳಿಯಲೆಂದು ಆ ತುಣುಕಿಗೆ ಇಂಗ್ಲಿಷ್ ಸಾಲುಗಳನ್ನು ಹಾಕಿದವಳು ಅವಳೇ. ಅತ್ತು ಅತ್ತು ಅವಳ ಮುಖ ಊದಿತ್ತು. ಸತ್ಯಪ್ರಕಾಶ ಕಾರಿನಲ್ಲೇ ಒಂದು ಉಪಾಯ ಹೊಳೆಸಿಕೊಂಡು ಬಂದಿದ್ದ. ಇಡೀ ಊರಿನಲ್ಲಿ ನಮ್ಮನ್ನು ಬಿಟ್ಟು ಕನ್ನಡ ಯಾರಿಗೆ ಬರುತ್ತದೆ, ಅನುವಾದ ತಪ್ಪಾಗಿದೆ ಎಂದು ಬಳಗದ ಪುಟದಲ್ಲಿ ಹಾಕೋಣ, ರೇನ್ಸ್‌ನ ಬಗ್ಗೆ ಹೇಳಿದ್ದು ಅಪ್ಪನ ಸ್ವಂತ ಊಹೆ, ಮಗ ಏನೂ ಹೇಳಿಲ್ಲ ಎಂದು ಸೇರಿಸೋಣ ಎಂದ.

"ನನ್ನ ಮಗಳಿಗೆ ಕನ್ನಡ ಅಷ್ಟಾಗಿ ಬರಲ್ಲ ಅಂತ ಹಾಕಿದರಾಯ್ತು. ನಿಮ್ಮ ಹುಡುಗನ ಬದುಕಿಗಿಂತ ದೊಡ್ಡದಾ ಅದು? ನೀವು ಹೂಂ ಅನ್ನಿ, ಈಗಲೇ ಹಾಕ್ತೀನಿ," ಎಂದ.

ಅವನ ಒಳ್ಳೆಯತನ ಸುಳ್ಳಲ್ಲ. ಗೆಳೆಯನ ಮಗನಿಗಾಗಿ ತನ್ನ ಮಗಳ ಹೆಸರನ್ನು ತಂದು ಮೇಜಿನ ಮೇಲಿಟ್ಟಿದ್ದ. ಮೋಹನರಾಜನ ಎದೆ ಹಗುರಾಯಿತು. ಹೂಂ ಎನ್ನುವುದು ಬಾಯಿಗೆ ಬಂದಿತ್ತು. ಸಂಹಿತಾ ಸೋಫಾದ ತುದಿಯಲ್ಲಿ ಕೂತು, ಪರವಾಗಿಲ್ಲ ಅಂಕಲ್ ಎಂದಳು. ಯಾಕೋ ಅವನು ಅವಳನ್ನು, ನೀನು ಹಾಕಿದ್ದು ಸರಿಯಾಗಿತ್ತೇ ಎಂದು ಕೇಳಿಬಿಟ್ಟ.

"ಸರಿಯಾಗಿತ್ತು, ಅಂಕಲ್," ಎಂದಳು ಹುಡುಗಿ. "ನೀವು ಹೇಳಿದ್ದನ್ನೇ ಹಾಕಿದ್ದೀನಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅನಿರುದ್ಧ ನಿಂತಿದ್ದ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದನೋ ಗೊತ್ತಿಲ್ಲ. ಕೆಳಗೆ ಬಂದು ಸಂಹಿತಾಳ ಎದುರು ಕೂತು, ಇಂಗ್ಲಿಷಿನಲ್ಲಿ, ನಿನ್ನದೇನೂ ತಪ್ಪಿಲ್ಲ, ತಲೆ ಕೆಡಿಸಿಕೊಳ್ಳಬೇಡ ಎಂದ. ಆಮೇಲೆ ಅಪ್ಪನ ಕಡೆ ತಿರುಗಿದ. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ ಇದನ್ನು ಕನ್ನಡದಲ್ಲಿ ಹೇಳಿದ.

"ನಾನು ನಿಮಗೆ ಹೇಳಿದ್ದು ನಿಜ. ಕೋಚ್ ಕೇಳಿದರೆ ಹೇಳಿದ್ದೀನಿ ಅಂತಾನೇ ಹೇಳ್ತೀನಿ. ನೀವು ಏನೂ ಹೇಳಬೇಡಿ. ಸರಿ ಮಾಡೋಕೂ ಹೇಳಬೇಡಿ. ಯಾರಿಗೂ. ಅದೊಂದು ಮಾಡ್ತೀರಾ?"

ಮೋಹನರಾಜ ತಲೆಯಾಡಿಸಿದ. ಸತ್ಯಪ್ರಕಾಶ ಏನೋ ಹೇಳಹೊರಟ, ರಮಾ ಅವನ ಕೈಗೆ ಕಾಫಿ ಲೋಟ ಕೊಟ್ಟು ಸುಮ್ಮನಾಗಿಸಿದಳು.

ಸೋಮವಾರ ಬೆಳಿಗ್ಗೆ ಹುಡುಗ ಹೊರಟಾಗ ರಮಾ ಬಾಗಿಲಲ್ಲಿ ಅಂಗೈಗೆ ಮೊಸರು ಸಕ್ಕರೆ ಹಾಕಿದಳು. ಪರೀಕ್ಷೆಯ ದಿನಗಳಲ್ಲಿ ನೆಕ್ಕುತ್ತಿದ್ದಂತೆಯೇ ನೆಕ್ಕಿ ಅವನು ಕಾರು ಹತ್ತಿದ. ಒಳಗೆ ಕಿಟಕಿಯ ಹತ್ತಿರ ನಿಂತಿದ್ದ ಅಪ್ಪನ ಕಡೆ ಕೈ ಬೀಸಲಿಲ್ಲ.

ಮೋಹನರಾಜ ಎಲ್‌ಬಿಜೆ ಹೆದ್ದಾರಿಯ ಪಕ್ಕದ ತನ್ನ ಆಫೀಸಿಗೆ ಹೋದ. ಕಾಫಿ ಮೆಷಿನ್ ಹತ್ತಿರ ಅದೇ ಮಾತು. ಅವನನ್ನು ಕಂಡು ಇಬ್ಬರು ಸುಮ್ಮನಾದರು, ಒಬ್ಬ ಮಾತ್ರ ಬೆನ್ನು ತಟ್ಟಿ ಹೋದ. ಎಷ್ಟೋ ವರ್ಷಗಳ ಮೇಲೆ ಅವನು ಮತ್ತೆ ಕಪ್ಪು ಹಿಡಿದು ಮೂಕನಂತೆ ನಿಂತ. ಮಗನ ಸುದ್ದಿಯಿಲ್ಲ. ಫೋನ್ ಮಾಡಬಾರದೆಂದು ರಮಾ ಮೊದಲೇ ಹೇಳಿದ್ದಳು. ಊಟದ ಹೊತ್ತಿಗೆ ತಡೆಯಲಾರದೆ ಪಾರ್ಕಿಂಗಿಗೆ ಹೋಗಿ ಕಾರಿನಲ್ಲಿ ಕೂತು ರೇಡಿಯೋ ಹಾಕಿದ.

ಊರಿನ ಕ್ರೀಡಾ ರೇಡಿಯೋ ಅದು. ನಿರೂಪಕರಿಬ್ಬರು ಹೊಸ ಕೋಚುಗಳನ್ನು ಒಬ್ಬೊಬ್ಬರನ್ನಾಗಿ ಹರಿದು ತೋರಣ ಕಟ್ಟುತ್ತಿದ್ದರು. ಫೋನ್ ಮಾಡಿದ ಹೆಂಗಸೊಬ್ಬಳು ರೇನ್ಸ್‌ನಿಗೆ ಅನ್ಯಾಯವಾಗುತ್ತಿದೆ ಎಂದು ಅಳುವ ಹಾಗಿದ್ದಳು. ಆಮೇಲೆ ಸ್ಪೀಕರಿನಿಂದ ಮೋಹನರಾಜನದೇ ದನಿ ಬಂತು. ತನ್ನ ಸರಸ್ವತಿಪುರಂ ಕನ್ನಡವನ್ನು ಡಲ್ಲಾಸಿನ ರೇಡಿಯೋದಲ್ಲಿ ಕೇಳುತ್ತ ಅವನು ಸ್ಟಿಯರಿಂಗ್ ಹಿಡಿದು ಕೂತ. ನಿರೂಪಕರು ನಕ್ಕರು. ಅವರಲ್ಲೊಬ್ಬ, ಸರಿ, ನ್ಯಾಯವಾಗಿ ಮಾತಾಡೋಣ, ಆ ಅಪ್ಪ ಹೇಳಿದ್ದು ಅದೇ ಎಂದು ನಮಗೇನು ಗೊತ್ತು, ಈ ಭಾಷೆ ಬಲ್ಲವರು ಯಾರಾದರೂ ಇದ್ದರೆ ಫೋನ್ ಮಾಡಿ ಹೇಳಿ ಎಂದು ನಂಬರು ಕೊಟ್ಟ.

ಮೋಹನರಾಜ ಆ ನಂಬರಿಗೆ ಫೋನ್ ಮಾಡಿದ.

ಯಾಕೆ ಮಾಡಿದ ಎಂದರೆ, ಮಗ ಇಷ್ಟು ಹೊತ್ತಿಗೆ ಕೆಲಸ ಕಳೆದುಕೊಂಡಿರಬಹುದು ಎನ್ನುವುದು ಒಂದು. ಸುಮ್ಮನೆ ಕೂರುವುದು ಅವನಿಗೆ ಗೊತ್ತೇ ಇಲ್ಲದ ವಿದ್ಯೆ ಎನ್ನುವುದು ಇನ್ನೊಂದು. ರೇಡಿಯೋದ ಹುಡುಗಿ ಫೋನೆತ್ತಿ, ಕನ್ನಡ ಬರುತ್ತದೆಯೇ, ಅನುವಾದ ಸರಿಯೇ ತಪ್ಪೇ ಎಂದು ಕೇಳಿದಳು. ತಪ್ಪು ಎಂದ. ಹೆಸರು, ಊರು ಕೇಳಿದಳು. ಲಕ್ಷ್ಮೀನಾರಾಯಣ, ಲೂಯಿಸ್‌ವಿಲ್ ಎಂದ. ತೀರಿಹೋದ ಅಪ್ಪನ ಹೆಸರು ಬಾಯಿಗೆ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಈಗ ಮಾತಾಡುತ್ತಿರುವವರಾದ ಮೇಲೆ ನೀವೇ, ರೇಡಿಯೋ ಆರಿಸಿ ಎಂದು ಹುಡುಗಿ ಲೈನಿನಲ್ಲೇ ಕಾಯಿಸಿದಳು.

ರೇಡಿಯೋ ಆರಿಸಿದ. ಆದರೆ ಕಾಯುವವರ ಕಿವಿಗೂ ಕಾರ್ಯಕ್ರಮವೇ ಬರುತ್ತಿತ್ತು. ನಿರೂಪಕ, ಕನ್ನಡ ಬಲ್ಲ ಒಬ್ಬರು ಸಿಕ್ಕಿದ್ದಾರೆ, ಅವರನ್ನು ಕೇಳುವ ಮೊದಲು ಇನ್ನೊಂದು ಸಲ ಹಾಕೋಣ ಎಂದ. ಫೋನಿನಲ್ಲಿ, ಕಿವಿಗೆ ತೀರಾ ಹತ್ತಿರದಲ್ಲಿ, ಅವನ ದನಿ ಮತ್ತೆ ಬಂತು. ನಮ್ಮ ಅನಿ ಹೇಳ್ತಿದ್ದ. ಮಾತು ಮುಗಿದೊಡನೆ ವೇದಿಕೆಯ ಮೇಲಿನ ಆ ಕಾಗದದ ಚರಚರ ನಿಂತದ್ದೂ ಕೇಳಿಸಿತು. ಮೋಹನರಾಜನ ಕಣ್ಣಿಗೆ ಕಂಡದ್ದು ಸಂಹಿತಾಳ ಊದಿದ ಮುಖ, ಅದರ ಹಿಂದೆ ಮೆಟ್ಟಿಲ ಮೇಲೆ ನಿಂತ ಮಗ. ಸರಿ ಮಾಡೋಕೂ ಹೇಳಬೇಡಿ ಎಂದು ಹುಡುಗ ಬಿಡಿಸಿ ಹೇಳಿದ್ದ. ಅಪ್ಪ ಎಂಥವನೆಂದು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

"ಲಕ್ಷ್ಮಿ ಫ್ರಮ್ ಲೂಯಿಸ್‌ವಿಲ್, ಯು ಆರ್ ಆನ್," ಎಂದಿತು ಫೋನು.

ಅವನು ಉಸಿರು ಬಿಡಲಿಲ್ಲ. ಹಲೋ, ಹಲೋ ಎಂದರು. ಲಕ್ಷ್ಮಿಗೆ ಭಯವಾಗಿದೆ ಎಂದು ಯಾರೋ ನಕ್ಕರು. ಮೋಹನರಾಜ ಬೆರಳಿನಿಂದ ಕೆಂಪು ಗುರುತನ್ನು ಒತ್ತಿ, ಫೋನನ್ನು ಪಕ್ಕದ ಸೀಟಿನ ಮೇಲೆ ಬೋರಲು ಹಾಕಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮನೆಯಲ್ಲಿ ದಿನಾ ಹೇಳುತ್ತಿದ್ದವನು ಆ ಲಕ್ಷ್ಮೀನಾರಾಯಣನೇ. ಕಾರಿನ ಗಾಜು ಏರಿಸಿ ಅವನು ಅತ್ತ.

ಸಂಜೆ ಅನಿರುದ್ಧ ಬಂದಾಗ ರಮಾ ಬಾಗಿಲಿಗೆ ಓಡಿದಳು, ಮೋಹನರಾಜ ಕೂತಲ್ಲೇ ಕೂತಿದ್ದ. ಹುಡುಗ ಅಡುಗೆಮನೆಯಲ್ಲಿ ನಿಂತು ಅಮ್ಮನಿಗೆ ಹೇಳಿದ್ದನ್ನು ಇವನು ಹಾಲಿನಿಂದ ಕೇಳಿಸಿಕೊಂಡ. ಕೆಲಸದಿಂದ ತೆಗೆದಿಲ್ಲ. ಆದರೆ ಬೇಸಿಗೆಯ ಶಿಬಿರದವರೆಗೆ ಆಟಗಾರರಿರುವ ಯಾವ ಮೀಟಿಂಗಿಗೂ ಬರುವ ಹಾಗಿಲ್ಲ, ವಿಡಿಯೋ ಕೋಣೆಯಲ್ಲಿ ಒಬ್ಬನೇ ಕೂರಬೇಕು. ಇನ್ನೊಂದು ಮಾತು ಹೊರಗೆ ಬಂದರೆ ಅವತ್ತೇ ಕೊನೆ. ನೀನು ಹೇಳಿದ್ದು ಹೌದೇ ಎಂದು ಡೆಲೇನಿ ಕೇಳಿದನಂತೆ, ಹೌದು ಎಂದನಂತೆ. ಬೇರೆ ಏನಾದರೂ ಹೇಳಿದ್ದರೆ ಬಾಗಿಲು ತೋರಿಸುತ್ತಿದ್ದೆ ಎಂದನಂತೆ ಡೆಲೇನಿ. ರೇನ್ಸ್‌ನ ಎದುರಿಗೆ ನಿಲ್ಲಿಸಿ ಕ್ಷಮೆ ಕೇಳಿಸಿದ್ದರು. ರೇನ್ಸ್ ಕಾಲಿಗೆ ಐಸು ಒತ್ತಿಕೊಳ್ಳುತ್ತಲೇ, ನಿಮ್ಮ ಭಾಷೆ ಕೇಳೋಕೆ ಚೆನ್ನಾಗಿದೆ, ನನ್ನ ಮೊಣಕಾಲು ಮಾತ್ರ ಅದರೊಳಗೆ ಇನ್ನೊಂದು ಸಲ ಬರದಿರಲಿ ಎಂದನಂತೆ.

ಒಂದು ವಾರದೊಳಗೆ ಅನಿರುದ್ಧ ಮೈದಾನದ ಹತ್ತಿರ ಅಪಾರ್ಟ್‌ಮೆಂಟ್ ಮಾಡಿ ಶಿಫ್ಟ್ ಆದ. ಭಾನುವಾರ ಊಟಕ್ಕೆ ಬರುತ್ತಿದ್ದ. ಅಪ್ಪನ ಜೊತೆ ಕಾರಿನ ಟೈರು, ಸೆಕೆ, ಅಕ್ಕನ ಮಗುವಿನ ಹಲ್ಲು, ಇಷ್ಟನ್ನು ಮಾತಾಡುತ್ತಿದ್ದ. ಮೇಜಿನ ಮೇಲೆ ಉಪ್ಪಿನ ಡಬ್ಬಿ ಬೇಕಾದರೆ ಕೈ ಚಾಚಿ ತಾನೇ ತೆಗೆದುಕೊಳ್ಳುತ್ತಿದ್ದ. ಮೋಹನರಾಜ ಏನೂ ಕೇಳಲಿಲ್ಲ. ಕೇಳದೇ ಇರುವುದು ಎಷ್ಟು ಸದ್ದು ಮಾಡುತ್ತದೆಂದು ಅವನಿಗೆ ಗೊತ್ತಾದದ್ದು ಆ ಬೇಸಿಗೆಯಲ್ಲಿ.

ಸೆಪ್ಟೆಂಬರಿನ ಮೊದಲ ಆಟ ಹ್ಯೂಸ್ಟನ್ನಿನ ಮೇಲೆಯೇ ಬಿತ್ತು. ಗೆಳೆಯರು ಎಂದಿನಂತೆ ಲೂಯಿಸ್‌ವಿಲ್‌ನ ಮನೆಗೆ ಬಂದರು. ವ್ಯಾಖ್ಯಾನಕಾರ ಮಾತ್ರ ಸೋಫಾದ ಮೂಲೆ ಹಿಡಿದು, ಒಗ್ಗರಣೆ ಅವಲಕ್ಕಿಯ ಬಟ್ಟಲು ಮಡಿಲಲ್ಲಿಟ್ಟು ಸುಮ್ಮನಿದ್ದ. ಸಂಗಮೇಶ್ ಹೊಸ ಅಫೆನ್ಸನ್ನು ಬೈದ, ಹೊಗಳಿದ, ಮತ್ತೆ ಬೈದ. ಮೋಹನರಾಜ ಮೈಮೇಲೆ ರೇನ್ಸ್‌ನ ಅಂಗಿ ಹಾಕಿರಲಿಲ್ಲ. ಸಂಹಿತಾ ರಮಾಳ ಪಕ್ಕ ನೆಲದ ಮೇಲೆ ಕೂತಿದ್ದಳು.

ಆಟ ಮುಗಿಯುತ್ತ ಬಂದಿತ್ತು, ಡ್ರೋವರ್ಸ್ ಸ್ವಲ್ಪದರಲ್ಲಿ ಹಿಂದಿತ್ತು, ಚೆಂಡು, ದಾಟಿದರೆ ಗೆಲುವೆನ್ನುವ ಹ್ಯೂಸ್ಟನ್ನಿನ ಗೆರೆಯ ಹತ್ತಿರವಿತ್ತು. ಕ್ಯಾಮೆರಾ ಒಂದು ಗಳಿಗೆ ಮೈದಾನದ ಅಂಚಿಗೆ ಹೋಯಿತು. ಡೆಲೇನಿಯ ಹಿಂದೆ, ಕಿವಿಗೆ ಹೆ‌ಡ್‌ಸೆಟ್ ಹಾಕಿ, ಹಾಳೆ ಹಿಡಿದು ಅನಿರುದ್ಧ ನಿಂತಿದ್ದ. ಮನೆಯೆಲ್ಲ ಕೂಗಿತು. ಆಮೇಲೆ ಪರದೆಯ ಮೇಲೆ ತಂಡಗಳು ಸಾಲಾಗಿ ನಿಂತವು. ಮೋಹನರಾಜನ ಕೈ ಬಟ್ಟಲಿನಲ್ಲೇ ನಿಂತಿತು. ಲೋಟಗಳ ಸಾಲು. ಹಿಂದೆ ಉಪ್ಪಿನ ಡಬ್ಬಿ. ಪಕ್ಕದಲ್ಲಿ ಬಟ್ಟಲು. ತುದಿಗೆ, ಸ್ವಲ್ಪ ದೂರದಲ್ಲಿ, ಉಪ್ಪಿನಕಾಯಿ ಬಾಟಲಿ.

"ಏನ್ ಮಾಡ್ತಾರ್ರಿ ಈಗ?" ಸಂಗಮೇಶ್ ಅವನ ಕಡೆ ತಿರುಗಿದ. "ನಿಮಗ ಗೊತ್ತಿರಬೇಕಲ್ಲ. ಹೇಳ್ರಿ, ಇಲ್ಲಿ ನಾವ ನಾವ ಅದೀವಿ."

ಎಲ್ಲರೂ ನೋಡಿದರು. ರಮಾಳೂ ನೋಡಿದಳು. ಮೋಹನರಾಜ ಹಿಡಿ ತುಂಬ ಅವಲಕ್ಕಿ ತೆಗೆದು ಬಾಯಿಗೆ ತುಂಬಿಕೊಂಡ, ಸಾಲದೆಂಬಂತೆ ಇನ್ನೊಂದು ಹಿಡಿ ಹಾಕಿದ, ಕೆನ್ನೆ ಉಬ್ಬಿಸಿಕೊಂಡು ಗೊತ್ತಿಲ್ಲವೆಂದು ತಲೆಯಾಡಿಸಿದ. ರೇನ್ಸ್ ಯಾರನ್ನೋ ತಡೆಯುವವನಂತೆ ಬಗ್ಗಿದ, ಬಗ್ಗಿದವನು ಮೆಲ್ಲಗೆ ಜಾರಿದ, ಅಲ್ಲಿ ಯಾರೂ ಇರಲಿಲ್ಲ. ಚೆಂಡು ಅಲ್ಲಿಗೆ ಬಂತು.

ಮನೆಯವರೆಲ್ಲ ಎದ್ದು ಕುಣಿದರು. ಸಂಗಮೇಶ್ ಸತ್ಯಪ್ರಕಾಶನನ್ನು ಎತ್ತಿಕೊಳ್ಳಲು ನೋಡಿದ. ಪರದೆಯ ಅಂಚಿನಲ್ಲಿ ಅನಿರುದ್ಧ ಮಾತ್ರ ಕುಣಿಯುತ್ತಿರಲಿಲ್ಲ. ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು ಯಾರಿಗೋ ಮುಂದಿನದನ್ನು ಹೇಳುತ್ತಿದ್ದ. ಮೋಹನರಾಜ ಅವನನ್ನೇ ನೋಡುತ್ತ, ಬಾಯಿ ತುಂಬಿದ್ದ ಅವಲಕ್ಕಿಯನ್ನು ನಿಧಾನವಾಗಿ ಅಗಿಯತೊಡಗಿದ.